ಭಾನುವಾರದ ಔಷಧಿ ಅಂಗಡಿ

ಹೊಸಪೇಟೆಯ ಫಾರ್ಮಸಿ ಕಾಲೇಜಿನ ಹುಡುಗರಿಗೆ ಗವಿಸಿದ್ದಪ್ಪ ಮೇಷ್ಟ್ರೆಂದರೆ ಪ್ರಾಣ. ಅವರ ಬಾಯಿಗೆ ಸಿಕ್ಕರೆ ಮಾತ್ರ ದೇವರೇ ಗತಿ! ಸುಮ್ಮನಿರುವುದು ಆ ಮನುಷ್ಯನ ಜಾತಕದಲ್ಲೇ ಇರಲಿಲ್ಲ. ಎಂಬತ್ತರ ದಶಕದ ಮಾತಿದು. ಕಾಲುವೆ ನೀರಿನ ಪುಣ್ಯದಿಂದ ಕಂಪ್ಲಿ ಕಡೆಯ ಗದ್ದೆಯವರ ಮಕ್ಕಳೂ ಕಾಲೇಜಿಗೆ ಬರುತ್ತಿದ್ದರು. ಬಂದವರಿಗೆಲ್ಲ ಒಂದೇ ಕನಸು, ಸರಕಾರಿ ಆಸ್ಪತ್ರೆಯ ಕಂಪೌಂಡರ್ ಕೆಲಸ.

"ಲೇ, ಸರಕಾರ ಎಷ್ಟು ಮಂದೀನ ಸಾಕ್ತದಲೇ? ಸ್ವಂತ ಅಂಗಡಿ ನಡೆಸೋದು ಕಲೀರಿ" ಎಂದು ಮೇಷ್ಟ್ರು ಗದರುತ್ತಿದ್ದರು. ಗದರಿ ಸುಮ್ಮನಾಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹೆಂಡತಿ ಭರಮಮ್ಮ ನಡೆಸುತ್ತಿದ್ದ ಮೆಡಿಕಲ್ ಶಾಪನ್ನು ಪ್ರತಿ ಭಾನುವಾರ ಹುಡುಗರ ಕೈಗೆ ಕೊಡಿಸಿದರು.

"ಕೊಡ್ತೀನಿ. ಆದ್ರ ನೀವು ಒಳಗ ಕಾಲಿಡಂಗಿಲ್ಲ. ನೀವಿದ್ರ ಹುಡುಗ್ರು ಬಾಯಿ ಬಿಡ್ತಾವೇನ್ರಿ?" ಎಂದು ಭರಮಮ್ಮ ಕರಾರು ಹಾಕಿದಳು. ಲೈಸೆನ್ಸು ಅವಳದು, ಹಾಗಾಗಿ ಅವಳು ಮೂಲೆಯ ಕುರ್ಚಿಯಲ್ಲಿ ಕೂರುವಳು. ಮೇಷ್ಟ್ರು ಎದುರಿನ ಚಹಾದಂಗಡಿ ಬೆಂಚಿನ ಮೇಲೆ ಕೂತು ಒದ್ದಾಡುವರು.

ಆ ಭಾನುವಾರ ಕೌಂಟರಿನಲ್ಲಿ ಕಂಪ್ಲಿಯ ಜಂಬಮ್ಮ ಇದ್ದಳು. ಚಿಕ್ಕಂದಿನಿಂದ ಗದ್ದೆಯಲ್ಲಿ ಹಕ್ಕಿ ಓಡಿಸಿದ ಗಂಟಲು. ಮೆಲ್ಲಗೆ ಮಾತಾಡುವುದು ಗೊತ್ತೇ ಇಲ್ಲ. ಅಂಗಡಿ ಕಟ್ಟಡದ ಮಾಲೀಕ, ರೈಸ್‌ಮಿಲ್ಲಿನ ಹೊನ್ನೂರಸ್ವಾಮಿ ಬಂದರು. ಮೊಣಕಾಲು ನೋವಿನ ಗುಳಿಗೆ ಅವರಿಗೆ ಊಟದಷ್ಟೇ ರೂಢಿಯಾಗಿತ್ತು.

"ಜಲ್ದಿ ಕೊಡವ್ವ. ಹಂಗ ಹೊಟ್ಟಿ ಉರಿಗೂ ಏನರ ಕೊಡು."

ಜಂಬಮ್ಮನ ಕೈ ನಿಂತಿತು. ಆ ಗುಳಿಗೆ ಅತಿಯಾದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಇಳಿದು ಮಲ ಕಪ್ಪಗಾಗುತ್ತದೆಂದು ಮೇಷ್ಟ್ರೇ ಪಾಠ ಮಾಡಿದ್ದರು. ಕೇಳಿಯೇಬಿಟ್ಟಳು:

"ಯಜಮಾನ್ರ, ಹೊರಕಡಿಗೆ ಕರ್ರಗ ಹೋಗ್ತೈತೇನ್ರಿ?"

ಅಯ್ಯೋ ಶಿವನೇ! ಆ ಮಾತು ರಸ್ತೆ ದಾಟಿ ಚಹಾದಂಗಡಿಗೂ ಕೇಳಿಸಿತು. ಬಸ್ಸಿಗೆ ನಿಂತಿದ್ದವರು ಬಿದ್ದು ಬಿದ್ದು ನಕ್ಕರು. ಯಜಮಾನರ ಮುಖ ಕೆಂಡವಾಯಿತು.

"ನಾಕು ಮಂದಿ ಮುಂದ ನನ್ನ ಮಾನ ತೆಗಿತೀಯೇನು? ಬರೋ ಐತವಾರ ಅಂಗಡಿ ಖಾಲಿ ಮಾಡ್ರಿ!"

ಮೇಷ್ಟ್ರು ಓಡಿ ಬಂದು ಮೆಟ್ಟಿಲ ಕೆಳಗೆ ನಿಂತರು. ತಪ್ಪಾಯಿತು ಎಂಬ ಮಾತು ನಾಲಿಗೆ ತುದಿಯಲ್ಲಿತ್ತು. ಅಂಗಡಿ ಹೋದರೆ ಹೆಂಡತಿಯ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು, ಹುಡುಗರ ಕಲಿಕೆಯೂ ಅಲ್ಲಿಗೆ ಮುಗಿಯಿತು. ಜಂಬಮ್ಮನತ್ತ ನೋಡಿದರು. ಅವಳಿನ್ನೂ ಗುಳಿಗೆಯನ್ನು ಬಿಟ್ಟುಕೊಟ್ಟಿರಲಿಲ್ಲ.

"ಹುಡುಗಿ ಕೇಳಿದ್ದು ಸರಿ ಐತ್ರಿ ಯಜಮಾನ್ರ. ಡಾಕ್ಟರಿಗೆ ತೋರಿಸ್ರಿ" ಎಂದರು. ಭರಮಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು.

ಮರುದಿನ ಜಂಬಮ್ಮ ಮೇಷ್ಟ್ರನ್ನು ಕರೆದುಕೊಂಡು ಯಜಮಾನರ ಮನೆಗೆ ಹೋದಳು. "ಅವ್ರು ಮನ್ಯಾಗಿಲ್ಲ" ಎಂದರು ಅವರ ಹೆಂಡತಿ. ಒಳಗಿನಿಂದ ಯಜಮಾನರ ಕೆಮ್ಮು ಕೇಳುತ್ತಿತ್ತು.

"ಕೇಳಿದ್ದಕ್ಕಲ್ಲವ್ವ, ಕೂಗಿದ್ದಕ್ಕ ತಪ್ಪಾತು ಅಂತ ಹೇಳ್ರಿ. ಡಾಕ್ಟರ ಹತ್ರ ಮಾತ್ರ ತಪ್ಪಿಸ್ಬ್ಯಾಡ್ರಿ" ಎಂದಳು ಹುಡುಗಿ. ಬಾಗಿಲು ಮುಚ್ಚಿಕೊಂಡಿತು.

ಭಾನುವಾರ ಬಂತು. ಹುಡುಗರು ಮುಖ ಸಣ್ಣದು ಮಾಡಿಕೊಂಡು ಔಷಧಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾಗ ಹೊನ್ನೂರಸ್ವಾಮಿ ಕೋಲೂರಿಕೊಂಡು ಬಂದರು. ಮುಖ ಇಳಿದುಹೋಗಿತ್ತು. ಭರಮಮ್ಮನನ್ನು ದಾಟಿ ನೇರ ಜಂಬಮ್ಮನ ಮುಂದೆ ನಿಂತು ಡಾಕ್ಟರ ಚೀಟಿ ಕೊಟ್ಟರು. ಹುಡುಗಿ ಕೌಂಟರಿನ ಮೇಲೆ ಬಾಗಿ ಪಿಸುಪಿಸು ಏನೋ ಕೇಳಿದಳು. ಅವರೂ ಬಾಗಿ ಪಿಸುಗುಟ್ಟಿದರು. ಎದುರಿನ ಬೆಂಚಿನಲ್ಲಿ ಮೇಷ್ಟ್ರು ಕಿವಿ ನಿಮಿರಿಸಿದ್ದೇ ಬಂತು, ಒಂದಕ್ಷರ ಕೇಳಲಿಲ್ಲ. ಯಜಮಾನರು ಔಷಧಿ ತೆಗೆದುಕೊಂಡು, ಪೆಟ್ಟಿಗೆಗಳ ಕಡೆಗೆ ಕೋಲು ತೋರಿಸಿ, "ಇವ್ನ ವಾಪಸ್ ಜೋಡಿಸ್ರಲೇ" ಎಂದು ಗದರಿ ಹೊರಟುಹೋದರು.

ಮೇಷ್ಟ್ರಿಗೆ ಎಲ್ಲಿಯ ಕರಾರು! ಓಡಿಬಂದು ಕೌಂಟರ್ ಹಿಡಿದುಕೊಂಡರು.

"ಏನಂತಬೇ? ಹುಣ್ಣಾ? ಡಾಕ್ಟರ್ ಏನಂದ್ರಂತ?"

ಜಂಬಮ್ಮ ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದಳು:

"ಗಿರಾಕಿ ಮಾತು ಹೊರಗಿನೋರಿಗೆ ಹೇಳಂಗಿಲ್ರಿ, ಸರ್."

ಗವಿಸಿದ್ದಪ್ಪ ಮೇಷ್ಟ್ರಿಗೆ ಹುಟ್ಟಿ ಬುದ್ಧಿ ಬಂದಾಗಿನಿಂದ ಮೊದಲ ಸಲ ಮಾತೇ ಹೊರಡಲಿಲ್ಲ. ಕಣ್ಣು ತುಂಬಿ ಬಂತು. ರಸ್ತೆ ದಾಟಿ, ಬೆಂಚಿನ ಮೇಲೆ ಹೋಗಿ ಕೂತರು.