ಟೆಂಪೋದ ಮೇಲಿನ ಬಿಸಿನೀರು

ತೊಂಬತ್ತರ ದಶಕದ ಆರಂಭ. ಮಾರಾಟ ತೆರಿಗೆ ಇನ್‌ಸ್ಪೆಕ್ಟರ್ ಆಗಿ ಕಾಗವಾಡದ ಕಡೆಯ ಗಡಿ ತಪಾಸಣೆಯ ನಾಕಾವೊಂದಕ್ಕೆ ಬಂದಿದ್ದೆ. ಮನೆಯವರೆಲ್ಲ ಮೈಸೂರಿನಲ್ಲಿ. ಲಾರಿಯವರೊಡನೆ ಆಡಿದ್ದೇ ನನ್ನ ದಿನದ ಮಾತು.

ಸೋಲಾರ್ ವಾಟರ್ ಹೀಟರ್ ಆಗಿನ್ನೂ ಹೊಸದು. ನಮಗಿದ್ದ ಸೂಚನೆ ಇಷ್ಟೇ: ಪೂರ್ತಿ ಸೆಟ್ಟಿಗೆ ತೆರಿಗೆ ವಿನಾಯಿತಿ, ಬಿಡಿಭಾಗಗಳಿಗಿಲ್ಲ. ಶೇಡಬಾಳದ ಭರಮಪ್ಪನವರು ಗಡಿಯಾಚೆಯ ಮಿರಜಿನಿಂದ ಅವನ್ನು ತಂದು ಮನೆಗಳಿಗೆ ಕೂರಿಸುತ್ತಿದ್ದರು. ಕಾಯಿಸಿದ ನೀರನ್ನೇ ಕುಡಿಯುವ ಜೈನ ಮನೆಗಳಲ್ಲಿ, ಅರ್ಧ ಸೌದೆಯಾದರೂ ಉಳಿದೀತೆಂದು ಗಿರಾಕಿಗಳಿದ್ದರು.

ನನಗಿಂತ ಮುಂಚೆ ಅಲ್ಲಿದ್ದವರು ಒಮ್ಮೆ ಅವರ ಬಿಚ್ಚಿದ ಸೆಟ್ಟನ್ನು ಟ್ಯಾಂಕು, ಗಾಜು, ಕಬ್ಬಿಣ ಎಂದು ಬೇರೆಬೇರೆ ಬರೆದು ತೆರಿಗೆ ಹಾಕಿದ್ದರಂತೆ. ಇನ್ನೊಮ್ಮೆ ಹಾಗಾದರೆ ಅವರು ಅಂಗಡಿ ಮುಚ್ಚಬೇಕಿತ್ತು. ಅಂದಿನಿಂದ ಭರಮಪ್ಪನವರು ಸೆಟ್ಟನ್ನು ಮಿರಜಿನಲ್ಲೇ ಜೋಡಿಸಿ, ನೀರನ್ನೂ ತುಂಬಿಸಿ, ಟೆಂಪೋದ ಮೇಲೆ ನಿಲ್ಲಿಸಿ ತರತೊಡಗಿದರು. ನಾಕಾದಲ್ಲಿ ಬಿಸಿನೀರು ಬಿಟ್ಟು ತೋರಿಸಿದರೆ ಅದನ್ನು ಬಿಡಿಭಾಗ ಅನ್ನುವವರಾರು? ದಾರಿಯಲ್ಲಿ ನೀರು ತುಳುಕದಿರಲೆಂದು, ಆವಿ ಹೊರಹೋಗುವ, ಬಾಯಿ ಕೆಳಕ್ಕೆ ಬಾಗಿದ ವೆಂಟ್ ಪೈಪಿಗೆ ಕಟ್ಟಿಗೆಯ ಬೆಣೆ ಬಡಿಯುತ್ತಿದ್ದರು.

ಆ ದಿನ ಬೆಲ್ಲದ ಲಾರಿಗಳ ಸಾಲು ಕರಗಲೇ ಇಲ್ಲ. ಬೇಸಿಗೆಯ ಬಿಸಿಲಲ್ಲಿ ಬೆಳಗಿನಿಂದ ನಿಂತಿದ್ದ ಟೆಂಪೋ ಮಧ್ಯಾಹ್ನ ನನ್ನೆದುರಿಗೆ ಬಂತು.

"ಚಾಕ್ಕ ನೀರ ಬೇಕೇನ್ರಿ ಸಾಹೇಬ್ರ?" ಎಂದು ನಗುತ್ತ ಭರಮಪ್ಪನವರು ಟೆಂಪೋದ ಮೇಲೆ ಹತ್ತಿದರು.

"ಬೇಡ, ಬಿಲ್ ತೋರಿಸಿ ಸಾಕು."

"ಹಂಗ ಅಂದವ್ರ ಮೊದ್ಲ ಟ್ಯಾಕ್ಸ್ ಹಾಕ್ಯಾರ್ರಿ. ಕಣ್ಣಾರ ನೋಡಿಬಿಡ್ರಿ."

ಬೆಣೆಯನ್ನು ಸುತ್ತಿಗೆಯ ಒಂದೇ ಏಟಿಗೆ ಸಡಿಲಿಸಿದರು. ಅದು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹಿಂದಿದ್ದ ನಾಕಾದ ತಗಡಿನ ಗೋಡೆಗೆ ಬಡಿಯಿತು. ಆಮೇಲೆ ಬಿಳಿ ಆವಿ, ಕುದಿನೀರು. ಭರಮಪ್ಪನವರು ಕಾಣಲಿಲ್ಲ, ಕೆಳಗೆ ಬಿದ್ದ ಸದ್ದು ಮಾತ್ರ ಕೇಳಿತು.

ನಾಕಾದ ಕೊಡದ ತಣ್ಣೀರನ್ನೆಲ್ಲ ಅವರ ಮೇಲೆ ಸುರಿದೆ. ಅದೇ ಟೆಂಪೋದಲ್ಲಿ ಡಾಕ್ಟರ ಬಳಿ ಹೊರಟೆವು. ಅವರ ಕೈ, ತೋಳು, ಕುತ್ತಿಗೆ ಕೆಂಪೇರಿ ಬೊಬ್ಬೆಗಳು ಎದ್ದಿದ್ದವು. ದಾರಿಯಲ್ಲಿ ಅವರು ನನ್ನ ಅಂಗಿ ಹಿಡಿದು ಕೇಳಿದ್ದು ಒಂದೇ ಮಾತು:

"ಸಾಹೇಬ್ರ, ಈಗರ ಪೂರ್ತಿ ಸೆಟ್ ಅಂತ ಬರಕೋತೀರಲ್ರಿ?"

ಬರೆದುಕೊಂಡೆ. ಸೆಟ್ಟಿಗೆ ತೆರಿಗೆ ಬೀಳಲಿಲ್ಲ. ಅವರ ಕೈಯ ಗಾಯ ನಿಧಾನವಾಗಿ ಮಾಗಿತು, ಬೆರಳು ಪೂರ್ತಿ ಮಡಚಲು ಮಾತ್ರ ಬರಲಿಲ್ಲ. ನಡೆದದ್ದನ್ನು ಹೇಳಲು ನನ್ನ ಕೋಣೆಯಲ್ಲಿ ಯಾರೂ ಇರಲಿಲ್ಲ. ಮನೆಗೆ ಬರೆದ ಕಾಗದದಲ್ಲಿ ಸೆಖೆ ಜಾಸ್ತಿ ಎಂದಷ್ಟೇ ಬರೆದೆ.

ಮುಂದೆ ಯಾವ ನಾಕಾಕ್ಕೆ ಹೋದರೂ, ಸಾಲಿನಲ್ಲಿ ಸೋಲಾರ್ ಗಾಡಿ ಕಂಡರೆ ನಾನೇ ಎದ್ದು ಅದರ ಬಳಿ ಹೋಗುತ್ತಿದ್ದೆ. ನಾವು ಒಂದೇ ಸಾಲಿನಲ್ಲಿ ಓದಿ ಮುಗಿಸುವ ನಿಯಮಕ್ಕೆ ಹೆದರಿ ಜನ ಏನೇನು ಮಾಡಿಕೊಳ್ಳುತ್ತಾರೆಂಬುದು ಕುರ್ಚಿಯಿಂದ ಕಾಣುವುದಿಲ್ಲ. ಈಗ ನನ್ನ ಮಾಳಿಗೆಯ ಮೇಲೂ ಒಂದು ಹೀಟರಿದೆ. ಬೆಳಿಗ್ಗೆ ನಲ್ಲಿ ತಿರುಗಿಸುವಾಗ ಮುಖ ತಾನಾಗಿಯೇ ಆಚೆ ತಿರುಗುತ್ತದೆ.