‘ಕುಳಪ್ಪಮಿಲ್ಲ’ ಎಂದ ಆಟಗಾರರು

1998ರಲ್ಲಿ ನಾನು ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಕಂಪನಿ ಎಂದರೆ ದೊಡ್ಡದೇನನ್ನೂ ಕಲ್ಪಿಸಿಕೊಳ್ಳಬೇಡಿ. ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಕಂಪ್ಯೂಟರ್, ಕರೆಂಟ್ ಹೋದರೆ ಒಟ್ಟಿಗೆ ನಿಟ್ಟುಸಿರು ಬಿಡುವ ನಾಲ್ಕು ಜನ. ಟೆಸ್ಟರ್ ಕೆಲಸವೆಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಇದನ್ನು ಕೇಳಿ ನಮ್ಮತ್ತೆ, “ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ಮನೆಯಲ್ಲಿ ನೀನು ಪುಕ್ಕಟೆ ಮಾಡ್ತಾ ಇದ್ದಿ ಅಲ್ವಾ” ಎಂದಿದ್ದರು. ಕಾಸರಗೋಡಿನ ಮಂದಿ ಹೊಗಳುವ ಕ್ರಮವೇ ಹಾಗೆ.

ಕಂಪನಿ ನಡೆಸುತ್ತಿದ್ದವರು ಶ್ರೀಕಂಠ, ಮೈಸೂರಿನವರು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿದ್ದವರು ಸಂಬಳವಿಲ್ಲದ ದೀರ್ಘ ರಜೆ ಹಾಕಿ ಕೊಚ್ಚಿಗೆ ಬಂದಿದ್ದರು. ಕಂಪನಿ ಇದ್ದದ್ದು ಅವರ ಭಾವಮೈದುನನ ಹೆಸರಿನಲ್ಲಿ, ಅದರ ತಲೆ ಮಾತ್ರ ಇವರದು. ಹೆಂಡತಿ ಸುಮಾ ಮತ್ತು ಮಗಳು ಅನಘಾ ತಿರುವನಂತಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಉಳಿದಿದ್ದರು. ಶನಿವಾರ ರೈಲು ಹತ್ತಿ ಹೋಗಿ ಸೋಮವಾರ ಮರಳುವುದು ಶ್ರೀಕಂಠ ಅವರ ಸಂಸಾರ. ಆ ವರ್ಷದ ಕೊನೆಗೆ ಅವರ ರಜೆ ಮುಗಿಯುವುದಿತ್ತು. ಅಷ್ಟರೊಳಗೆ ಅವರು ಕೆಲಸಕ್ಕೆ ಮರಳಬೇಕು, ಇಲ್ಲವೇ ರಾಜೀನಾಮೆ ಬರೆದುಕೊಡಬೇಕು. ಕೊಟ್ಟರೆ ಕ್ವಾರ್ಟರ್ಸ್, ಪಿಂಚಣಿ, ಕ್ಯಾಂಪಸ್ಸಿನ ಶಾಲೆಯಲ್ಲಿ ಮಗಳ ಸೀಟು ಎಲ್ಲವೂ ಹೋಗುತ್ತವೆ. ಮರಳಿದರೆ ಅವರು ಬರೆಯುತ್ತಿದ್ದ ಆಟ ಹೋಗುತ್ತದೆ.

ಆ ಆಟದ ಹೆಸರು ‘ದುರ್ಗ’. ಬೆಟ್ಟದ ಮೇಲೊಂದು ಕೋಟೆ, ಅದಕ್ಕೆ ಏರುವ ಹಾವಿನಂಥ ದಾರಿ. ಆ ದಾರಿಯಲ್ಲಿ ರಾಕ್ಷಸರ ದಂಡು ತಂಡತಂಡವಾಗಿ ಬರುತ್ತದೆ. ಆಡುವವರು ದಾರಿಯ ಪಕ್ಕದಲ್ಲಿ ಮಾಯದ ಗೋಪುರಗಳನ್ನು ಕಟ್ಟಬೇಕು. ಒಂದು ಗೋಪುರ ಬೆಂಕಿ ಉಗುಳುತ್ತದೆ, ಒಂದು ಮಂಜು ಸುರಿಸಿ ರಾಕ್ಷಸರ ಕಾಲು ಕಟ್ಟುತ್ತದೆ, ಇನ್ನೊಂದು ಗಂಟೆ ಬಾರಿಸಿ ಅವರಿಗೆ ನಿದ್ದೆ ಬರಿಸುತ್ತದೆ. ಕಟ್ಟಿದ ಮೇಲೆ ಹೋರಾಡುವುದು ಗೋಪುರಗಳ ಕೆಲಸ. ಇಂಥ ಆಟಗಳಿಗೆ ಈಗ ಟವರ್ ಡಿಫೆನ್ಸ್ ಎನ್ನುತ್ತಾರೆ. ಆಗ ನಮಗೆ ಆ ಹೆಸರೂ ಗೊತ್ತಿರಲಿಲ್ಲ. ಆ ನಿದ್ದೆಯ ಗಂಟೆಗಾಗಿ ಶ್ರೀಕಂಠ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಹಿತ್ತಾಳೆ ಗಂಟೆ ತಂದು, ಫ್ಯಾನ್ ಆರಿಸಿ, ನಮ್ಮನ್ನೆಲ್ಲ ಉಸಿರು ಬಿಗಿಹಿಡಿದು ಕೂರಿಸಿ ಅದರ ಶಬ್ದವನ್ನು ರೆಕಾರ್ಡ್ ಮಾಡಿದ್ದರು. ಇಷ್ಟು ಮುದ್ದಿನಿಂದ ಮಾಡಿದ ಸಾಫ್ಟ್‌ವೇರನ್ನು ನಾನು ಮತ್ತೆ ನೋಡಿಲ್ಲ. ಆಟದಲ್ಲಿ ಜೀವವಿರಲಿಲ್ಲ ಎಂಬ ಮಾತನ್ನು ಇದರ ಪಕ್ಕದಲ್ಲೇ ಬರೆಯಬೇಕಾಗಿರುವುದು ನನಗೆ ಇವತ್ತಿಗೂ ಸಂಕಟ.

ತಪ್ಪುಗಳನ್ನೆಲ್ಲ ಹುಡುಕಿ ತಿದ್ದಿಸಿಯಾದ ಮೇಲೆ, ಆಗಸ್ಟ್ ತಿಂಗಳಲ್ಲಿ, ಶ್ರೀಕಂಠ ನನಗೊಂದು ಹೊಸ ಕೆಲಸ ಕೊಟ್ಟರು. ಕಂಪ್ಯೂಟರ್ ಸೆಂಟರುಗಳಿಗೆ ಹೋಗಿ ಹುಡುಗರಿಂದ ಆಟ ಆಡಿಸಿ, ಅವರ ಅಭಿಪ್ರಾಯ ಕೇಳಿಕೊಂಡು ಬರಬೇಕು. “ಆಟಗಾರರು ಏನಂತಾರೋ ಅದರ ಮೇಲೆ ನನ್ನ ತೀರ್ಮಾನ. ಬೇಡ ಅಂದ್ರೆ ನಾಳೇನೇ ಹೋಗಿ ಡ್ಯೂಟಿಗೆ ಸೇರ್ಕೋತೀನಿ, ಎರಡು ಮಾತಿಲ್ಲ” ಎಂದರು. ಅವರು ಸುಳ್ಳು ಹೇಳುವವರಲ್ಲ. ನಾನೂ ನಂಬಿದೆ.

ಪಾಲಾರಿವಟ್ಟಂನ ಒಂದು ಸೆಂಟರಿನಲ್ಲಿ ಆಟ ಹಾಕಿಸಿ, ಆಡುವವರ ಬೆನ್ನ ಹಿಂದೆ ಸ್ಟೂಲ್ ಎಳೆದುಕೊಂಡು ಕುಳಿತೆ. ಕಾಲೇಜಿನ ಮಕ್ಕಳು ಉತ್ಸಾಹದಿಂದಲೇ ಶುರುಮಾಡುತ್ತಿದ್ದರು. ಗೋಪುರ ಕಟ್ಟುವವರೆಗೆ ಎಲ್ಲ ಸರಿ. ಆಮೇಲೆ ಕೈಗೆ ಕೆಲಸವಿಲ್ಲ. ಮೌಸ್ ಬಿಟ್ಟು ಕೈಕಟ್ಟುತ್ತಿದ್ದರು. ಒಬ್ಬ ಉಗುರು ಕಚ್ಚುತ್ತಿದ್ದ, ಒಬ್ಬ ಪಕ್ಕದವನ ಕಾರ್ ರೇಸಿಗೆ ಕಣ್ಣು ಹಾಯಿಸುತ್ತಿದ್ದ. ಕೋಟೆ ಬೀಳಲಿ, ಉಳಿಯಲಿ, ಯಾರೂ ಎರಡನೇ ಸಲ ಆಡುತ್ತಿರಲಿಲ್ಲ. ಒಬ್ಬಳು ಹುಡುಗಿ ಮಾತ್ರ ನನ್ನ ಕಡೆ ತಿರುಗಿ, “ಗೋಪುರ ತಾನೇ ಹೊಡೀತಾ ಇದೆಯಲ್ಲ ಚೇಚೀ, ಮತ್ತೆ ನಾನು ಯಾಕೆ ಕೂತಿರೋದು?” ಎಂದು ಮಲಯಾಳದಲ್ಲಿ ಕೇಳಿದಳು. ಚೇಚಿ ಎಂದರೆ ಅಕ್ಕ. ಉಳಿದವರನ್ನು ಆಟ ಹೇಗಿತ್ತೆಂದು ಕೇಳಿದರೆ, ಚೀಲ ಹೆಗಲಿಗೇರಿಸುತ್ತ, ನಗುತ್ತ, ಎಲ್ಲರದೂ ಒಂದೇ ಉತ್ತರ: “ಕುಳಪ್ಪಮಿಲ್ಲ ಚೇಚೀ.”

ಈ ಪದದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮಲಯಾಳದಲ್ಲಿ ಕುಳಪ್ಪ ಎಂದರೆ ತೊಂದರೆ, ಗಲಿಬಿಲಿ. ಕುಳಪ್ಪಮಿಲ್ಲ ಎಂದರೆ ತೊಂದರೆಯಿಲ್ಲ. ಆಟೋದವನಲ್ಲಿ ಚಿಲ್ಲರೆ ಇಲ್ಲದಿದ್ದರೂ ಕುಳಪ್ಪಮಿಲ್ಲ, ಕಾಲು ತುಳಿದರೂ ಕುಳಪ್ಪಮಿಲ್ಲ. ಆದರೆ ಊಟ ಹೇಗಿತ್ತು, ಹಾಡು ಹೇಗಿತ್ತು ಎಂದು ಕೇಳಿದಾಗ ಅದೇ ಪದ ಬಂದರೆ ಅದರ ತೂಕ ಬೇರೆ. ನಿಜಕ್ಕೂ ಹಿಡಿಸಿದರೆ ಮಲಯಾಳಿಗಳು ‘ಅಡಿಪೊಳಿ’ ಎಂದು ಕೂಗುತ್ತಾರೆ. ಸುಮಾರಾಗಿ ಹಿಡಿಸಿದರೆ ‘ಕೊಳ್ಳಾಂ’ ಎನ್ನುತ್ತಾರೆ. ಹಿಡಿಸದಿದ್ದರೂ ಎದುರಿಗಿರುವವರ ಮನಸ್ಸು ನೋಯಿಸಬಾರದು ಎನ್ನಿಸಿದಾಗ ಕುಳಪ್ಪಮಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ. ಶ್ರೀಕಂಠ ತಿರುವನಂತಪುರಕ್ಕೆ ಬಂದು ಹತ್ತು ವರ್ಷದ ಮೇಲಾಗಿತ್ತು, ನಿಜ. ಆದರೆ ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ, ಮಲಯಾಳಂ ಏನಿದ್ದರೂ ಆಟೋ ಮತ್ತು ತರಕಾರಿಯವರೊಂದಿಗೆ. ಅವರಿಗೆ ಗೊತ್ತಿದ್ದದ್ದು ಆಟೋದವರ ಕುಳಪ್ಪಮಿಲ್ಲ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಶ್ರೀಕಂಠ ಅರ್ಧಕ್ಕೇ ತಡೆದರು.

“ಒಂದು ನಿಮಿಷ ಶೈಲಜಾ. ಎಲ್ಲರೂ ಕುಳಪ್ಪಮಿಲ್ಲ ಅಂದ್ರು ಅಲ್ವಾ?”

“ಅಂದ್ರು ಸರ್. ಆದ್ರೆ ಅದು ಹೊಗಳಿದ್ದಲ್ಲ. ನಮಗೆ ಬೇಜಾರಾಗ್ಬಾರ್ದು ಅಂತ ಹೇಳುದು.”

“ನೋಡಿ, ನಿಮಗೆ ಮಲಯಾಳಂ ಚೆನ್ನಾಗಿ ಗೊತ್ತು, ಒಪ್ತೀನಿ. ರಿವ್ಯೂ ಅಂದ್ರೇನು ಅಂತ ಗೊತ್ತಿಲ್ಲ.”

ಅವರು ಹೇಳಿದ ರಿವ್ಯೂ ಅವರ ಸಂಸ್ಥೆಯದು. ದೊಡ್ಡ ಪರೀಕ್ಷೆಯೊಂದಕ್ಕೆ ಮುಂಚೆ ಎಲ್ಲ ವಿಭಾಗದವರೂ ಒಂದು ಕೋಣೆಯಲ್ಲಿ ಕೂರುತ್ತಾರೆ. ಒಬ್ಬೊಬ್ಬರೇ ಎದ್ದು ತಮ್ಮ ಭಾಗದಲ್ಲಿ ತೊಂದರೆಯಿಲ್ಲ ಎಂದು ಹೇಳಬೇಕು. ಚೆನ್ನಾಗಿದೆ, ಅದ್ಭುತವಾಗಿದೆ ಎಂದರೆ ಅಧ್ಯಕ್ಷರು ಮೂಗು ಮುರಿಯುತ್ತಾರಂತೆ. ತೊಂದರೆಯಿಲ್ಲ ಎನ್ನುವುದೇ ಅಲ್ಲಿ ಅತ್ಯುನ್ನತ ಹೊಗಳಿಕೆ, ಕೊನೆಯವನೂ ಹಾಗೆಂದರೆ ಪರೀಕ್ಷೆಗೆ ಒಪ್ಪಿಗೆ. ಹತ್ತು ವರ್ಷ ಆ ಕೋಣೆಯಲ್ಲಿ ಕೂತವರ ಕಿವಿಗೆ ಪಾಲಾರಿವಟ್ಟಂನ ಹುಡುಗರ ಮಾತು ಹೇಗೆ ಕೇಳಿಸೀತು! ಇದು ಯಂತ್ರವಲ್ಲ, ಆಟ, ಜನ ಇದನ್ನು ಬೇಕೆಂದು ಕೇಳಬೇಕು ಎಂದು ನಾನು ವಾದಿಸಿದೆ. ನನಗೂ ಕೋಪ ಬರುತ್ತದೆ, ಸ್ವರ ಏರಿರಬೇಕು. ಅವರು ಸಮಾಧಾನದಿಂದ, “ಸರಿ, ಇನ್ನೊಂದು ಸಲ ಟ್ರಿವೇಂಡ್ರಮ್ಮಿನಲ್ಲಿ ಆಡಿಸೋಣ. ಅಲ್ಲಿಗೆ ನಾನೇ ಬರ್ತೀನಿ. ನನ್ನ ಕಿವಿಯಲ್ಲೇ ಕೇಳ್ತೀನಿ” ಎಂದರು.

ನವೆಂಬರಿನ ಒಂದು ಶನಿವಾರ ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದು, ಬಸ್ ಸ್ಟ್ಯಾಂಡಿನ ಹಿಂದೆ ಲಾಡ್ಜುಗಳ ನಡುವೆ ಇದ್ದ ಒಂದು ಸೆಂಟರಿಗೆ ಹೋದೆವು. ಇಲ್ಲಿ ಸ್ಟೂಲಿನ ಮೇಲೆ ಕೂತವರು ಸ್ವತಃ ಶ್ರೀಕಂಠ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಆಡುವ ಪ್ರತಿಯೊಬ್ಬರಿಗೂ ಗಂಟೆಯ ಗೋಪುರದ ಗುಟ್ಟನ್ನು ತಾವೇ ಬಗ್ಗಿ ತೋರಿಸುತ್ತಿದ್ದರು. ಆಟ ಮಾಡಿದವರು ಇವರೇ ಎಂದು ಸೆಂಟರಿನವನು ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದ. ಅಂಥ ಮುಖದೆದುರು ಯಾವ ಮಲಯಾಳಿ ಬೇರೆ ಮಾತಾಡಿಯಾನು? ಎದ್ದವರೆಲ್ಲ, “ಕುಳಪ್ಪಮಿಲ್ಲ ಸಾರ್” ಎಂದರು. ಶ್ರೀಕಂಠ ಪ್ರತಿ ಸಲವೂ ನನ್ನ ಕಡೆ ನೋಡುತ್ತಿದ್ದರು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಎನ್ನಿಸುತ್ತಿತ್ತು.

ಸಂಜೆ ಅವರ ಮನೆಯಲ್ಲಿ ನನಗೆ ಊಟ. ಹನ್ನೆರಡು ವರ್ಷದ ಅನಘಾ ಅಪ್ಪನ ಕಂಪ್ಯೂಟರಿನಲ್ಲಿ ‘ದುರ್ಗ’ ಆಡಿದಳು. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಬಾಯಲ್ಲಿ ಬರುವುದು ಮಲಯಾಳಂ. ನಾನು ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದೆ. ಸುಮಾ ಸಾರಿನ ಪಾತ್ರೆ ಇಳಿಸಿ, ಸ್ವರ ತಗ್ಗಿಸಿ ಕೇಳಿದರು.

“ನಿಜ ಹೇಳಿ ಶೈಲಜಾ. ಇದು ನಡೆಯುತ್ತಾ?”

“ಇಲ್ಲ ಅಕ್ಕ” ಎಂದೆ. “ಯಾರೂ ಎರಡನೇ ಸಲ ಆಡ್ಲಿಲ್ಲ. ಸರ್ ಕೆಲಸಕ್ಕೆ ವಾಪಸು ಹೋಗುದೇ ಒಳ್ಳೇದು.”

ಅಷ್ಟರಲ್ಲಿ ಹೊರಗಿನಿಂದ ಅಪ್ಪ ಮಗಳನ್ನು ಕೇಳಿದ್ದೂ, ಮಗಳು, “ಕುಳಪ್ಪಮಿಲ್ಲ ಅಪ್ಪಾ” ಎಂದದ್ದೂ ಕೇಳಿಸಿತು. ಸುಮಾ ಸೆರಗಿಗೆ ಕೈ ಒರೆಸುತ್ತ ನೆಟ್ಟಗೆ ಹೊರಗೆ ಹೋದರು. ನಾನೂ ಹಿಂದೆ ಹೋದೆ.

“ನಾನು ಮಾಡಿದ ಹಾಗಲಕಾಯಿ ಗೊಜ್ಜಿಗೂ ಅವಳು ಇದೇ ಮಾತು ಹೇಳೋದು ಕಣ್ರೀ. ತಟ್ಟೇಲಿ ಹಾಗೇ ಬಿಟ್ಟು ಏಳ್ತಾಳೆ” ಎಂದರು ಸುಮಾ. ಶ್ರೀಕಂಠ ನಕ್ಕರು. ಸುಮಾ ನಗಲಿಲ್ಲ. “ಪುಟ್ಟಿ, ಅಪ್ಪಂಗೆ ಕನ್ನಡದಲ್ಲಿ ಹೇಳು. ಆಟ ಹೇಗಿದೆ?”

ಅನಘಾ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪನ ಮುಖದಲ್ಲಿದ್ದ ಆಸೆ ಮಗುವಿಗೂ ಕಾಣುವಂತಿತ್ತು. ಪದ ಹುಡುಕಲು ಅವಳು ಸ್ವಲ್ಪ ಹೊತ್ತು ತೆಗೆದುಕೊಂಡಳು. ನಾನಂತೂ ದೇವರೇ, ಬೇಜಾರು ಎಂಬ ಪದ ಇವಳಿಗೆ ಗೊತ್ತಿರಲಿ ಎಂದು ಬೇಡಿಕೊಂಡೆ.

“ತೊಂದರೆ... ಇಲ್ಲ, ಅಪ್ಪಾ” ಎಂದಳು.

ಮಲಯಾಳದ ಪದವನ್ನು ಅವಳು ಇದ್ದ ಹಾಗೆಯೇ ಕನ್ನಡಕ್ಕೆ ಎತ್ತಿಟ್ಟಿದ್ದಳು. ಮಲಯಾಳದಲ್ಲಿ ಅದರೊಂದಿಗಿದ್ದ ಸಂಕೋಚ, ನುಣುಚಿಕೊಳ್ಳುವ ನಗು ಯಾವುದೂ ಕನ್ನಡಕ್ಕೆ ಬರಲಿಲ್ಲ. ರಿವ್ಯೂ ಕೋಣೆಯಲ್ಲಿ ಕೊನೆಯವನು ಎದ್ದು ಹೇಳುವ ಮಾತೇ ಆಗಿಬಿಟ್ಟಿತು ಅದು. “ಕೇಳಿದ್ಯಾ?” ಎಂದು ಶ್ರೀಕಂಠ ಹೆಂಡತಿಯ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. ಇದು ಅದಲ್ಲ ಸರ್, ಇವಳ ಕಣ್ಣು ನೋಡಿ ಎಂದು ನಾನು ಬಾಯಿಬಿಟ್ಟೆ. ಅವರು ಕೈಯೆತ್ತಿ ತಡೆದರು. “ಶೈಲಜಾ, ಇನ್ನು ಇದರ ಮಾತು ಸಾಕು. ಬನ್ನಿ, ಊಟ ಮಾಡೋಣ” ಎಂದರು. ಸುಮಾ ತಟ್ಟೆಗಳನ್ನಿಟ್ಟು ಬಡಿಸಿದರು.

ಸೋಮವಾರ ಶ್ರೀಕಂಠ ರಾಜೀನಾಮೆ ಕೊಟ್ಟೇ ಕೊಚ್ಚಿಗೆ ಬಂದರು.

ಹೊಸ ವರ್ಷಕ್ಕೆ ‘ದುರ್ಗ’ದ ಸಿಡಿಗಳು ಅಂಗಡಿಗಳಿಗೆ ಹೋದವು. ಶ್ರೀಕಂಠ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದರು. ದೂರು ಬಂದ ತಕ್ಷಣ ತಿದ್ದಿ ಎರಡನೇ ಆವೃತ್ತಿ ಬಿಡಬೇಕೆಂದು ಅವರ ಯೋಚನೆ. ಒಂದು ದೂರೂ ಬರಲಿಲ್ಲ. ಆಟ ನಿಂತುಹೋಗುತ್ತದೆ ಎಂದಾಗಲಿ, ಗಂಟೆ ಮೊಳಗುವುದಿಲ್ಲ ಎಂದಾಗಲಿ ಯಾರೂ ಫೋನ್ ಮಾಡಲಿಲ್ಲ. ಬೇಸಿಗೆಯ ಹೊತ್ತಿಗೆ ಅಂಗಡಿಯವರು ಸಿಡಿಗಳನ್ನು ಪೆಟ್ಟಿಗೆಯಲ್ಲೇ ವಾಪಸು ಕಳಿಸಿದರು, ಬಹಳ ಮರ್ಯಾದೆಯಿಂದ. ಅವರಿಗೂ ನಮ್ಮ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತಿತ್ತು. ಮಳೆಗಾಲಕ್ಕೆ ಮೊದಲು ಪಾಲಾರಿವಟ್ಟಂನ ಕೋಣೆಗಳನ್ನು ಖಾಲಿ ಮಾಡಿದೆವು.

ಶ್ರೀಕಂಠ ಹಳೇ ಕೆಲಸಕ್ಕಾಗಿ ಸಂಸ್ಥೆಗೆ ಹೋಗಿ ಕೇಳಿಕೊಂಡರು. ಅಲ್ಲಿನವರು ಕೂರಿಸಿ, ಕಾಫಿ ಕೊಟ್ಟು, ಒಪ್ಪಿಕೊಂಡ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲು ನಿಯಮವಿಲ್ಲ ಎಂದರಂತೆ. ಕ್ವಾರ್ಟರ್ಸ್ ಬಿಡಬೇಕಾಯಿತು. ಮೈಸೂರಿನಲ್ಲಿ ಸುಮಾ ಅವರ ಅಣ್ಣನ ಮನೆಯ ಹಿಂದಿನ ಕೋಣೆಗಳಿಗೆ ಹೋಗುವುದೆಂದು ತೀರ್ಮಾನವಾಯಿತು. ಹೋಗಿ ಏನು ಮಾಡುತ್ತೀರಿ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಈಗ ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ ಜನ ಇಂಥ ಗೋಪುರದಾಟಗಳನ್ನು ಮೊಬೈಲಿನಲ್ಲಿ ಆಡುತ್ತಿರುತ್ತಾರೆ. ಗೋಪುರ ಹೊಡೆಯುವುದನ್ನು ನೋಡುತ್ತ ಕೂರುವುದೇ ಅವರಿಗೆ ಸುಖ. ಶ್ರೀಕಂಠ ಕಾಲಕ್ಕೆ ಮುಂಚೆ ಹುಟ್ಟಿದರು ಎಂದು ಹಳೇ ಸಹೋದ್ಯೋಗಿಯೊಬ್ಬ ಮೊನ್ನೆ ಹೇಳಿದ. ಅದರಿಂದ ಅವರಿಗೆ ಏನು ಬಂತು? ನನಗಂತೂ ಆ ಮಾತಿನಿಂದ ಸಮಾಧಾನವಾಗಲಿಲ್ಲ.

ಆಮೇಲೆ ನಾನು ಬೇರೆ ಬೇರೆ ಕಂಪನಿಗಳಲ್ಲಿ ಇದೇ ಕೆಲಸ ಮಾಡಿ ನಿವೃತ್ತಳಾದೆ. ಎಲ್ಲ ಕಡೆಯೂ ಒಂದು ನಿಯಮ ಪಾಲಿಸಿದೆ: ಬಳಸುವವರ ಅಭಿಪ್ರಾಯ ಕೇಳುವಾಗ ಅದನ್ನು ಮಾಡಿದವರು ಆ ಕೋಣೆಯಲ್ಲಿರಕೂಡದು. ಮ್ಯಾನೇಜರುಗಳನ್ನೂ ಬಾಗಿಲಾಚೆ ಕಳಿಸಿದ್ದೇನೆ, ಅದಕ್ಕೆ ಜಗಳಗಂಟಿ ಎನ್ನಿಸಿಕೊಂಡಿದ್ದೇನೆ. ಪ್ರೀತಿಯಿಂದ ಕಾಯುತ್ತಿರುವ ಮುಖದೆದುರು ನಿಜ ಹೇಳುವ ಹೊರೆಯನ್ನು ಯಾರ ತಲೆಯ ಮೇಲೂ, ಅದರಲ್ಲೂ ಮಕ್ಕಳ ಮೇಲೆ, ಹೊರಿಸಬಾರದು. ನನ್ನ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ.

ಕಲಿತದ್ದು ತಂಪಾನೂರು ಸ್ಟೇಷನ್ನಿನಲ್ಲಿ, ಅವರನ್ನು ಕಳಿಸಲು ಹೋದ ದಿನ. ಶ್ರೀಕಂಠ ಸಾಮಾನುಗಳನ್ನು ಬೋಗಿಗೆ ಏರಿಸುತ್ತಿದ್ದರು, ಸುಮಾ ನೀರು ತುಂಬಿಸಲು ಹೋಗಿದ್ದರು. ಅನಘಾ ನನ್ನ ಪಕ್ಕ ಬಂದು ನಿಂತು, ಅಪ್ಪನಿಗೆ ಕೇಳದ ಹಾಗೆ, “ಞಾನ್ ಪರಞ್ಞಿಟ್ಟಾಣೋ ಆಂಟೀ, ಅಪ್ಪ ಜೋಲಿ ಕಳಞ್ಞದ್?” ಎಂದಳು. ತಾನು ಹೇಳಿದ್ದಕ್ಕೇ ಅಪ್ಪ ಕೆಲಸ ಬಿಟ್ಟದ್ದಾ ಎಂದು ಕೇಳುತ್ತಿದ್ದಳು. ಅಷ್ಟು ದಿನ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು.

“ಇಲ್ಲ ಮಗಾ, ಖಂಡಿತ ಇಲ್ಲ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ದೊಡ್ಡವರು ಬೇಜಾರಾಗಬಾರದೆಂದು ಹೇಳುವ ಮಾತು ಯಾವುದೆಂದು ಆ ಹುಡುಗಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು.