ಗನ್ನಿನ ಡಬ್ಬಿಗೆ ಹಲ್ಲು ಇಟ್ಟ ಮೇಸ್ತ್ರಿ

ಮೇಸ್ತ್ರಿಯ ಕಣ್ಣಿನ ರೆಪ್ಪೆ ನೋಡಿದರೆ ಆ ವಾರ ಶೆಡ್ಡಿಗೆ ಯಾವ ಬಣ್ಣದ ಗಾಡಿ ಬಂದಿದೆ ಎಂದು ಹೇಳಬಹುದಿತ್ತು. ಒಂದು ವಾರ ಹಸಿರು ರೆಪ್ಪೆ, ಒಂದು ವಾರ ಕೆಂಪು. ಮೂಗಿನ ಕೂದಲಿಗೂ ಅದೇ ಬಣ್ಣ. ಮೂತಿಗೆ ಟವೆಲ್ ಕಟ್ಟಿಕೊಳ್ಳಿ ಅಂದರೆ ಕಟ್ಟುತ್ತಿದ್ದರು. ಮಾತಾಡಬೇಕಾದಾಗ ಕೆಳಗೆ ಎಳೆಯುತ್ತಿದ್ದರು. ಮಾತಾಡದೆ ಇದ್ದ ಗಳಿಗೆಯೇ ಕಮ್ಮಿ. ಅದೇ ಅವರನ್ನು ತಿಂದದ್ದು.

ಮಾದಾಪುರದ ರಸ್ತೆ ಬದಿಯಲ್ಲಿ ಅವರ ತಗಡಿನ ಶೆಡ್ಡು. ಜೀಪು, ಪಿಕಪ್ಪುಗಳಿಗೆ ಪೇಂಟ್ ಹೊಡೆಯುವ ಕೆಲಸ. ಮನೆಯಲ್ಲಿ ಮಲಯಾಳ, ಶೆಡ್ಡಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನಗಿಂತ ಹಿರಿಯರು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಬೇರೆಲ್ಲೂ ಕೆಲಸ ಸಿಗದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನನ್ನ ಬಲಗೈಯ ಮೂರು ಬೆರಳು ತಿಂದಿತ್ತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, "ಒಂದ್ ಕೈಲಿ ಎಷ್ಟು ಹಣ್ಣು ಕುಯ್ತೀಯ, ಮನೇಲಿರು" ಅಂದರು. ಮನೆಯಲ್ಲಿ ಏನಿತ್ತು ಇರಲಿಕ್ಕೆ? ಮೇಸ್ತ್ರಿ ನನ್ನ ಕೈ ನೋಡಿದರು, ಪಾಪ ಅನ್ನಲಿಲ್ಲ. "ಎಡಗೈ ನೆಟ್ಟಗಿದೆಯಲ್ಲ" ಎಂದು ಉಜ್ಜುವ ಕಾಗದ ಕೊಟ್ಟರು.

ಎರಡು ವರ್ಷ ಉಜ್ಜಿದೆ. ಆಮೇಲೆ ಅವರಿಗೆ ನನಗೆ ಬಣ್ಣ ಚಿಮ್ಮಿಸುವ ಗನ್ ಹಿಡಿಯಲು ಕಲಿಸುವ ಹುಚ್ಚು ಹತ್ತಿತು. ಗನ್ ಹಿಡಿಯುವುದು ಎಡಗೈಗೆ ಬಂತು. ತೊಂದರೆ ಡಬ್ಬಿಯದು. ಬಣ್ಣ ತುಂಬುವ ಡಬ್ಬಿ ಗನ್ನಿನ ಕೆಳಗೆ ನೇತಾಡುತ್ತದೆ, ಅದನ್ನು ತಿರುಪು ಹಾಕಿ ಬಿಗಿಯಬೇಕು. ತಿರುಪಿನೊಳಗೆ ಬಣ್ಣ ಒಣಗಿ ಕೂತರೆ ಎರಡು ಕೈ ಇದ್ದವರೇ ತೊಡೆಯ ನಡುವೆ ಇರುಕಿಸಿಕೊಂಡು ಬಯ್ಯುತ್ತಾ ಬಿಚ್ಚಬೇಕು. ನನಗೆಲ್ಲಿ ಆದೀತು?

ಒಂದು ದಿನ ಮೇಸ್ತ್ರಿ ಸ್ಟೂಲು ಹತ್ತಿ ಶೆಡ್ಡಿನ ಬಲ್ಬು ಬದಲಾಯಿಸುತ್ತಿದ್ದರು. ಅಲ್ಲೇ ನಿಂತುಬಿಟ್ಟರು. "ಅಕ್ಕಾ, ಇದು ತಲೆಕೆಳಗಾಗಿ ನೇತಾಡ್ತದೆ, ಬೀಳಲ್ಲ. ಒತ್ತಿ ಒಂಚೂರು ತಿರುಗಿಸಿದ್ರೆ ಕೈಗೆ ಬರ್ತದೆ. ನಮ್ ಡಬ್ಬಿಗೇನು ರೋಗ?"

"ಮೊದ್ಲು ಇಳೀರಿ ಮೇಸ್ತ್ರಿ, ನೀವು ಬೀಳ್ತೀರಿ" ಅಂದೆ.

ಸೋಮವಾರಪೇಟೆಯ ಲೇತಿನವನ ತಲೆ ತಿಂದು ಡಬ್ಬಿಯ ಕತ್ತಿಗೆ ಎರಡು ಕಿವಿ, ಗನ್ನಿಗೆ ಆ ಕಿವಿ ಕೂರುವ ಎರಡು ಸೀಳು, ನಡುವೆ ದಪ್ಪ ರಬ್ಬರ್ ವಾಷರು ಮಾಡಿಸಿ ತಂದರು. ಗನ್ನನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ, ಡಬ್ಬಿಯನ್ನು ಒಂದೇ ಕೈಯಲ್ಲಿ ಒತ್ತಿ ಕಾಲು ಸುತ್ತು ತಿರುಗಿಸಿದರೆ ಟಕ್ ಎಂದು ಕೂರುತ್ತಿತ್ತು. "ಹಿಡಿದ್ರೆ ಉಡ, ಬಿಟ್ರೆ ಬೆಣ್ಣೆ. ಜಾಯಿಂಟ್ ಅಂದ್ರೆ ಹಂಗಿರ್ಬೇಕು" ಎಂದು ಬಂದವರಿಗೆಲ್ಲ ಬಲ್ಬಿನ ಕಥೆ ಹೇಳಿ ತೋರಿಸಿದರು.

ನಾನು ಅದನ್ನು ಕೆಡಿಸಿದೆ.

ತೋಟದ ಸಾಹುಕಾರರೊಬ್ಬರ ಜೀಪು. ಮಗಳ ಮದುವೆಗೆ ಕೆನೆ ಬಣ್ಣ ಹೊಡೆದು ಮುಗಿದಿತ್ತು, ಹಸಿರು ಪಟ್ಟಿ ಒಂದು ಬಾಕಿ. ಮೇಸ್ತ್ರಿ ತಾವೇ ಹಸಿರು ತುಂಬಿ ಗನ್ನನ್ನು ಕೊಕ್ಕೆಗೆ ಹಾಕಿ ಸಾಹುಕಾರರ ಜೊತೆ ಮಾತಿಗೆ ನಿಂತರು. ನಾನು ಡಬ್ಬಿ ಬಿಚ್ಚಿ ನೋಡಿದೆ. ಕಸ ಕಂಡಿತು. ಸೋಸಿ ಮತ್ತೆ ಕೂರಿಸಿದೆ. ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು, ಟಕ್ ಎಂದಿತೋ ಇಲ್ಲವೋ ಕೇಳಲಿಲ್ಲ. ಅಂದಿರಬೇಕು ಅಂದುಕೊಂಡೆ. ಮೇಸ್ತ್ರಿ ಗನ್ ತೆಗೆದುಕೊಂಡು ಬಾನೆಟ್ಟಿನ ಮೇಲೆ ಬಗ್ಗಿದರು. ಡಬ್ಬಿ ಕಳಚಿ ಬಿತ್ತು. ಕೆನೆಯ ಮೇಲೆಲ್ಲ ಹಸಿರು.

"ಏನ್ ಮೇಸ್ತ್ರೀ, ನಿಮ್ ಬಲ್ಬು ಉದುರ್ತಲ್ಲ!" ಸಾಹುಕಾರರ ಕಣ್ಣು ನನ್ನ ಕೈ ಮೇಲೆ ಬಿತ್ತು. "ಈ ಹೆಂಗ್ಸು ಹಾಕಿದ್ದಾ? ಅರ್ಧ ಕೈಯೋರನ್ನ ಇಟ್ಕೊಂಡ್ರೆ ಇನ್ನೇನಾಗ್ತದೆ?"

"ತುಂಬಿದ್ದು ನಾನು ಸಾರ್, ಹಾಕಿದ್ದೂ ನಾನೇ" ಅಂದರು ಮೇಸ್ತ್ರಿ.

ಮಾತಿನ ನಡುವೆ ನಾನು ಬಿಚ್ಚಿ ಹಾಕಿದ್ದನ್ನು ಅವರು ನೋಡಿಲ್ಲ, ಹಾಗೇ ನಂಬಿದ್ದಾರೆ ಎಂದುಕೊಂಡೆ. ಬಾಯಿ ಬಿಡಲಿಲ್ಲ. ಬಿಟ್ಟರೆ ಮತ್ತೆ ಮನೆ. ಮೂರು ದಿನ ಅವರೇ ಕೂತು ಬಾನೆಟ್ ಉಜ್ಜಿ ಹೊಸದಾಗಿ ಹೊಡೆದರು. ಪಕ್ಕದಲ್ಲಿ ನಾನೂ ಉಜ್ಜಿದೆ.

ವಾರ ಕಳೆದು ಲೇತಿನಿಂದ ಡಬ್ಬಿ ವಾಪಸು ತಂದರು. ಕತ್ತಿನ ಹತ್ತಿರ ಸ್ಪ್ರಿಂಗ್ ಇರುವ ಚಿಕ್ಕ ಹಲ್ಲು. ಡಬ್ಬಿ ಪೂರ್ತಿ ಕೂತರೆ ಮಾತ್ರ ಅದು ಹೊರಗೆ ಬಂದು ಹೆಬ್ಬೆರಳಿಗೆ ಚುಚ್ಚುತ್ತದೆ. ಅದನ್ನು ಒತ್ತದೆ ಡಬ್ಬಿ ಬಿಚ್ಚಲೂ ಆಗದು. "ಕಿವಿ ನಂಬಂಗಿಲ್ಲ ಅಕ್ಕಾ. ಬೆರಳು ನಂಬಬೋದು" ಅಂದರು. ನನ್ನ ಹೆಬ್ಬೆರಳ ಅಡಿಗೆ ಸರಿಯಾಗಿ ಬರುತ್ತಿತ್ತು. ಮೇಸ್ತ್ರಿ ಮಾತ್ರ ತಾವು ಹಾಕುವಾಗ ಮೊಣಕೈ ಮೇಲೆತ್ತಿ ತಡಕಾಡುತ್ತಿದ್ದರು.

"ಏನ್ ಮೇಸ್ತ್ರಿ, ಕೋಳಿ ರೆಕ್ಕೆ ಎತ್ತಿದಂಗೆ?" ಎಂದು ನಗಾಡುತ್ತಿದ್ದೆ.

"ವಯಸ್ಸಾಯ್ತಲ್ಲ ಅಕ್ಕಾ" ಅನ್ನುತ್ತಿದ್ದರು.

ಆರು ವರ್ಷ ಹಾಗೇ ನಡೆಯಿತು. ಆಮೇಲೆ ಕೆಮ್ಮು. ಕೊನೆಗೆ ಮಡಿಕೇರಿಯಲ್ಲಿ ಆಸ್ಪತ್ರೆಯ ಮಂಚ, ಮೂಗಿಗೆ ಪೈಪು. ಇವತ್ತು ಹೇಳಿಬಿಡಬೇಕು, ಆವತ್ತು ಹಾಕಿದ್ದು ನಾನು ಎಂದು, ಬಸ್ಸಿನುದ್ದಕ್ಕೂ ಗಟ್ಟಿ ಮಾಡಿಕೊಂಡು ಹೋದೆ. ರೆಪ್ಪೆ ಬೆಳ್ಳಗಿತ್ತು. ಯಾವ ಬಣ್ಣವೂ ಇಲ್ಲದ ಆ ರೆಪ್ಪೆ ನೋಡಿದೆ. ಕಂಪ್ರೆಸರಿನ ಬೆಲ್ಟು ಸವೆದಿದೆ ಎಂದು ಹೇಳಿ ಎದ್ದು ಬಂದೆ. ನಾಲ್ಕನೆಯ ದಿನ ತೀರಿಕೊಂಡರು.

ಈಗ ಶೆಡ್ಡು ನಡೆಸುವುದು ಅವರ ತಂಗಿಯ ಮಗ. ಅವನೂ ಪಳಗಿದ ಪೇಂಟರ್. ಮೊದಲ ದಿನವೇ ಡಬ್ಬಿ ಹಾಕಲು ಹೋಗಿ ಮೊಣಕೈ ಮೇಲೆತ್ತಿದ. ಅದೇ ಕೋಳಿ ರೆಕ್ಕೆ.

"ಯಾರಕ್ಕ ಈ ಹಲ್ಲನ್ನ ಈ ಕಡೆ ಇಟ್ಟಿದ್ದು? ಬಲಗೈಯೋರಿಗೆ ಬೆರಳೇ ಎಟುಕಲ್ಲ. ಮಾವ ಎಡಚರಾ?"

"ಅಲ್ಲ" ಅಂದೆ.

ಅಂದ ಮೇಲೆ ನಾನೇ ನಿಂತುಬಿಟ್ಟೆ. ಆವತ್ತು ಡಬ್ಬಿ ಹಾಕಿದ್ದು ತಾವೇ ಎಂದು ಮೇಸ್ತ್ರಿ ನಂಬಿದ್ದರೆ ಹಲ್ಲು ಬಲಗೈಗೆ ಎಟುಕುವ ಕಡೆ ಇರುತ್ತಿತ್ತು.

"ಲೇತಿಗೆ ಕೊಟ್ಟು ಆ ಕಡೆ ಹಾಕಿಸ್ತೀನಿ" ಅಂದ.

"ಹೊಸಾದು ಮಾಡಿಸ್ಕೊ. ಇದನ್ನ ಮುಟ್ಬೇಡ" ಎಂದು ಗನ್ ಕಿತ್ತುಕೊಂಡು ಕೊಕ್ಕೆಗೆ ಹಾಕಿದೆ. ಡಬ್ಬಿ ಒತ್ತಿ ತಿರುಗಿಸಿದೆ. ಹಲ್ಲು ಬಂದು ಹೆಬ್ಬೆರಳಿಗೆ ಚುಚ್ಚಿತು. ಆರು ವರ್ಷ ದಿನಕ್ಕೆ ಹತ್ತು ಸಲ ಚುಚ್ಚಿದ್ದು. ನಾನು ಆಸ್ಪತ್ರೆಗೆ ಹೋಗಿ ಬೆಲ್ಟಿನ ಮಾತಾಡಿ ಬಂದೆ.